ಬೇಲಿಯಾಚೆಯ ಗುಹೆಯಲ್ಲೊಂದು ಪುಟ್ಟ ಜೇಡ

ಪ್ರಶ್ನೆ: ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಮನೆ ತಗೊಂಡಿದ್ದೇವೆ. ಹಿತ್ತಲಿನಾಚೆ ಬೇಲಿ ಹಾಕಿದ ಕಾಡು ಇದೆ. ಅಲ್ಲಿನ ಗುಹೆಯಲ್ಲಿ ಅಪರೂಪದ ಜೇಡ ಇದೆಯಂತೆ. ಮಕ್ಕಳಿಗೆ ಕಚ್ಚಿದರೆ ಅಪಾಯವೇ? ಒಂದು ಜೇಡಕ್ಕೆ ಇಷ್ಟೊಂದು ರಕ್ಷಣೆ ಯಾಕೆ?
– ಓದುಗರೊಬ್ಬರು, ಆಸ್ಟಿನ್

ಉತ್ತರ: ಹೆದರಬೇಡಿ, ಅದು ನಿಮ್ಮ ಮನೆಗೆ ಬರುವುದೇ ಇಲ್ಲ. ನಿಮ್ಮ ಕಡೆ ಕಾನೂನಿನ ರಕ್ಷಣೆ ಇರುವುದು ಟೂತ್ ಕೇವ್ ಜೇಡಕ್ಕೆ. ಮೈ ಉದ್ದ ಸುಮಾರು 1.6 ಮಿಲಿಮೀಟರ್, ಎಳ್ಳುಕಾಳಿನ ಅರ್ಧದಷ್ಟು. ಗುಹೆಯ ಕತ್ತಲು ಮತ್ತು ತೇವ ಬಿಟ್ಟರೆ ಅದಕ್ಕೆ ಬದುಕಿಲ್ಲ.

ಇದು ಲೆಪ್ಟೊನೆಟಿಡೇ ಕುಟುಂಬದ್ದು. ಮೆಡಿಟರೇನಿಯನ್ ಸುತ್ತಮುತ್ತ, ಚೀನಾ, ಕೊರಿಯಾ, ಜಪಾನ್, ಉತ್ತರ ಅಮೆರಿಕದಲ್ಲಿ ಇದರ ಬಳಗವಿದೆ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ಇವಕ್ಕೆ ಆರು: ಮುಂದೆ ನಾಲ್ಕು, ಸ್ವಲ್ಪ ಹಿಂದೆ ಎರಡು. ಗುಹೆಗೇ ಒಗ್ಗಿಹೋದ ಜಾತಿಗಳಲ್ಲಿ ಕಣ್ಣು ಕುಗ್ಗಿದೆ, ಕೆಲವಕ್ಕೆ ಇಲ್ಲವೇ ಇಲ್ಲ. ತೆಳು ಬಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಕಾಲುಗಳು ಕೂದಲಿನಷ್ಟು ಸಣ್ಣ. ಹಿಡಿಯಲು ಹೋದರೆ ಮಂಡಿಯ ಹತ್ತಿರ ಕಳಚಿಯೇ ಬರುತ್ತವೆ.

ಅಮೆರಿಕ ಸರ್ಕಾರ 1988ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆಸ್ಟಿನ್ ಸುತ್ತಲಿನ ಕೆಲವೇ ಸುಣ್ಣಕಲ್ಲಿನ ಗುಹೆಗಳಲ್ಲಿ ಬಿಟ್ಟು ಬೇರೆಲ್ಲೂ ಇದು ಸಿಕ್ಕಿಲ್ಲ. ಗುಹೆಯೊಂದನ್ನೇ ಕಾದರೆ ಸಾಕು ಅಂತ ಅನಿಸಬಹುದು, ಅಲ್ವಾ? ಸಾಲದು. ಒಳಗೆ ಬಿಸಿಲಿಲ್ಲ, ಹಸಿರಿಲ್ಲ, ಊಟವೆಲ್ಲ ಮೇಲಿನಿಂದಲೇ ಬರಬೇಕು. ಕೇವ್ ಕ್ರಿಕೆಟ್ ಎನ್ನುವ ಹುಳುಗಳು ರಾತ್ರಿ ಹೊರಗೆ ಹೋಗಿ ಮೇಯ್ದು, ಬೆಳಗಾಗುವ ಹೊತ್ತಿಗೆ ಒಳಗೆ ಸೇರುತ್ತವೆ. ಅವುಗಳ ಹಿಕ್ಕೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅದನ್ನು ತಿನ್ನುವ ಸಣ್ಣ ಹುಳುಗಳು ಜೇಡದ ಬಲೆಗೆ ಬೀಳುತ್ತವೆ. ಮೇಲಿನ ಕಾಡು ಕಡಿದರೆ ಈ ಸರಪಳಿಯೇ ತುಂಡು. ಆ ಬೇಲಿ ಇರುವುದು ಇದಕ್ಕೇ.

ನಿಮ್ಮಿಂದಲೂ ಒಂದು ಉಪಕಾರ ಆಗಬೇಕು. ಹಿತ್ತಲಿಗೆ ಕೀಟನಾಶಕ ಹೊಡೆಯಬೇಡಿ. ಸುಣ್ಣಕಲ್ಲಿನ ತುಂಬ ಬಿರುಕು, ಮಳೆ ನೀರು ಸೋಸದೆ ನೇರ ಕೆಳಗಿಳಿಯುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಫೈರ್ ಆ್ಯಂಟ್ ಇರುವೆಗಳ ಕಾಟ ನಿಮ್ಮಲ್ಲಿ ಜಾಸ್ತಿ, ಗೊತ್ತು. ಅವು ಗುಹೆಗೂ ನುಗ್ಗಿ ಅಲ್ಲಿನ ಹುಳುಗಳನ್ನು ತಿಂದುಹಾಕುತ್ತವೆ, ಹಾಗಾಗಿ ಓಡಿಸಲೇಬೇಕು. ಗುಹೆಗಳ ಬಳಿ ಇದಕ್ಕೆ ವಿಷ ಬಳಸುವುದಿಲ್ಲ, ಕುದಿಯುವ ನೀರು ಸುರಿಯುತ್ತಾರೆ. ನೀವೂ ಹಾಗೇ ಮಾಡಿ. ಬೆಳಗಿನ ಹೊತ್ತು ಇರುವೆಗಳು ಗೂಡಿನ ಮೇಲ್ಭಾಗದಲ್ಲಿರುವಾಗ ನಿಧಾನವಾಗಿ ಸುರಿಯಿರಿ. ಕೆಲವು ದಿನ ಬಿಟ್ಟು ನೋಡಿ, ಇನ್ನೂ ಓಡಾಡುತ್ತಿದ್ದರೆ ಮತ್ತೊಮ್ಮೆ ಸುರಿಯಿರಿ.