ಪಾಸ್ಟರ್ ಮೇಲೆ ಯಾರಿದ್ದಾರೆ ಎಂದು ಕೇಳಿದವರಿಗೆ

ಮುಂಬಯಿಯಲ್ಲಿ ಪ್ರೆಸ್ಬಿಟೀರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡಕ್ಕೆ ಸೇರಿದ ನಿಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆಯ ಹೊತ್ತು ಬದಲಿಸಿದ್ದಾರೆ, ಪಾಸ್ಟರ್ ಮೇಲಿನ ಅಧಿಕಾರಿ ಯಾರು ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಅಲೆದೆ.

ನಾನು ಬೆಳೆದದ್ದು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಅಲ್ಲಿ ಅಯ್ಯನವರ, ಅಂದರೆ ಪಾಸ್ಟರ್ ಮೇಲೆ ಬಿಷಪ್, ಬಿಷಪ್ಪರಲ್ಲೇ ಒಬ್ಬರು ಇಡೀ ಸಿಎಸ್‌ಐಗೆ ಮುಖ್ಯಸ್ಥರಾದ ಮಾಡರೇಟರ್. ಡೊಂಬಿವಲಿಗೆ ಬಂದ ಮೇಲೆ ಮನೆಗೆ ಹತ್ತಿರವೆಂದು ಪ್ರೆಸ್ಬಿಟೀರಿಯನ್ ಸಭೆ ಸೇರಿದೆವು. ತಿಂಗಳ ಕೊನೆಯ ಭಾನುವಾರ ಸಂಜೆ ಕನ್ನಡ ಆರಾಧನೆ ಇತ್ತು, ಬರುತ್ತಿದ್ದವರು ಇಪ್ಪತ್ತು ಜನ. ಅಮ್ಮನಿಗೆ ಪ್ರಸಂಗ ತಿಳಿಯುತ್ತಿದ್ದದ್ದು ಅದೊಂದೇ ದಿನ. ಅದನ್ನು ನಿಲ್ಲಿಸಿಬಿಟ್ಟರು.

ಪಾಸ್ಟರೇ ನಿಲ್ಲಿಸಿದರೆಂದುಕೊಂಡು ನಾಲ್ಕು ಪುಟ ಬರೆದು ಸ್ಪೀಡ್ ಪೋಸ್ಟಿನಲ್ಲಿ ನೇರ ಮಾಡರೇಟರಿಗೆ ಕಳಿಸಿದೆ. ಎರಡೂವರೆ ತಿಂಗಳಿಗೆ ಎರಡು ಸಾಲಿನ ಉತ್ತರ ಬಂತು: ನಿಮ್ಮ ಸೆಷನ್ ಕ್ಲರ್ಕರನ್ನು (ಹಿರಿಯರ ಮಂಡಳಿಯ ಕಾರ್ಯದರ್ಶಿಯನ್ನು) ಕಾಣಿರಿ. ಅಷ್ಟರಲ್ಲಿ ನಮ್ಮ ನಿಯಮಾವಳಿಯ ಪ್ರಕಾರ ಆಕ್ಷೇಪಣೆ ಸಲ್ಲಿಸುವ ಗಡುವು ಮುಗಿದಿತ್ತು.

ನನ್ನನ್ನು ಕೆಡಿಸಿದ್ದು ಮಾಡರೇಟರ್ ಎಂಬ ಆ ಒಂದು ಪದ. ಪ್ರೆಸ್ಬಿಟೀರಿಯನ್ನರಲ್ಲಿ ಮಾಡರೇಟರ್ ಎಂದರೆ ಮಂಡಳಿ ಕೂತಾಗ ಅದರ ಕಲಾಪ ನಡೆಸಿಕೊಡುವವರು, ಅಷ್ಟೇ. ಪ್ರೆಸ್ಬಿಟೀರಿಯನ್ ಪಂಗಡದ್ದೇ ಆದ ಚರ್ಚ್ ಆಫ್ ಸ್ಕಾಟ್ಲೆಂಡಿನಲ್ಲಿ ಜನರಲ್ ಅಸೆಂಬ್ಲಿಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಮಂಡಳಿಗೆ, ವರ್ಷಕ್ಕೊಬ್ಬರು ಹೊಸ ಮಾಡರೇಟರ್. ಒಬ್ಬರೇ ಕೂತು ಯಾರ ತೀರ್ಮಾನವನ್ನೂ ಬದಲಿಸುವ ಅಧಿಕಾರ ಅವರಿಗಿಲ್ಲ. ಕನ್ನಡ ಆರಾಧನೆ ನಿಲ್ಲಿಸಿದ್ದು ಸೆಷನ್, ಅಂದರೆ ನಾವೇ ಆರಿಸಿದ ಹಿರಿಯರು ಮತ್ತು ಪಾಸ್ಟರ್ ಒಟ್ಟಿಗೆ. ಆ ಹಿರಿಯರಿಗೆ ಪ್ರತಿ ಭಾನುವಾರ ಕೈ ಮುಗಿಯುತ್ತಿದ್ದೆ, ಒಬ್ಬರನ್ನೂ ಕೇಳಲಿಲ್ಲ. ಅವರಲ್ಲೊಬ್ಬರು ಆಮೇಲೆ ಲೋಕಲ್ ಟ್ರೈನಿನಲ್ಲಿ ಸಿಕ್ಕು ಹೇಳಿದರು: "ಕನ್ನಡದವರು ಯಾರೂ ಬಾಯಿ ಬಿಡಲಿಲ್ಲ, ಬೇಡವೇನೋ ಅಂದುಕೊಂಡೆವು." ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ಮೇಲಧಿಕಾರಿಯನ್ನು ಹುಡುಕುವುದನ್ನೇ ಬಿಡಿ, ಅಂಥವರೊಬ್ಬರು ಇಲ್ಲ. ಸೆಷನ್ನಿನ ಮೇಲಿರುವುದೂ ಒಬ್ಬ ವ್ಯಕ್ತಿಯಲ್ಲ, ಒಂದು ಮಂಡಳಿಯೇ: ಆ ಪ್ರದೇಶದ ಪಾಸ್ಟರುಗಳೂ ಸಭೆಸಭೆಯಿಂದ ಬಂದ ಹಿರಿಯರೂ ಕೂತು ಮತ ಹಾಕುವ ಪ್ರೆಸ್ಬಿಟರಿ. ಅದರಾಚೆ ಹಲವೆಡೆ ಸಿನೋಡ್ ಎಂಬ ಇನ್ನೂ ದೊಡ್ಡ ಮಂಡಳಿ, ಕೊನೆಗೆ ಜನರಲ್ ಅಸೆಂಬ್ಲಿ. ಅಸೆಂಬ್ಲಿಯೂ ಮನಬಂದಂತೆ ನಡೆಯುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 1697ರ ಬ್ಯಾರಿಯರ್ ಆಕ್ಟ್ ಪ್ರಕಾರ ದೊಡ್ಡ ಬದಲಾವಣೆಗೆ ಹೆಚ್ಚಿನ ಪ್ರೆಸ್ಬಿಟರಿಗಳ ಒಪ್ಪಿಗೆ ಬೇಕು. ಪಾಸ್ಟರ್ ನಡತೆಯ ಬಗ್ಗೆ ದೂರಿದ್ದರೆ ಮಾತ್ರ ಪ್ರೆಸ್ಬಿಟರಿಗೆ ಹೋಗಿ, ಅವರು ಉತ್ತರ ಕೊಡಬೇಕಾದದ್ದು ಅಲ್ಲಿ. ಆರಾಧನೆಯ ಹೊತ್ತು ಸೆಷನ್ನಿನ ಕೈಯಲ್ಲಿದೆ.

ಬೋರ್ಡ್ ನೋಡಿ ನಂಬಬೇಡಿ. ಮುಂಬಯಿ ಫೋರ್ಟಿನ ಸೇಂಟ್ ಆಂಡ್ರೂಸ್ ಚರ್ಚ್ ಕಟ್ಟಿದ್ದು ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ನರು, ಈಗ ಅದು 1970ರಲ್ಲಿ ಹುಟ್ಟಿದ ಸಿಎನ್‌ಐಗೆ (ಚರ್ಚ್ ಆಫ್ ನಾರ್ತ್ ಇಂಡಿಯಾ) ಸೇರಿದೆ, ಅಲ್ಲಿ ಬಿಷಪ್ ಇದ್ದಾರೆ. ನಿಮ್ಮದು ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ.

ಪ್ರೆಸ್ಬಿಟೀರಿಯನ್ನೇ ಆಗಿದ್ದರೆ ಈ ಭಾನುವಾರವೇ ಇಬ್ಬರು ಹಿರಿಯರ ಹತ್ತಿರ ಬಾಯಿಬಿಟ್ಟು ಮಾತಾಡಿ. ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಒಂದೇ ಪುಟ ಬರೆದು ಸೆಷನ್ ಕ್ಲರ್ಕರ ಕೈಗೆ ಕೊಡಿ, ನಕಲಿನ ಮೇಲೆ ತಾರೀಕು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ಗಡುವು ಎಷ್ಟು ದಿನ ಎಂದು ಅವರನ್ನೇ ಕೇಳಿ.