ಹಣ ಕಟ್ಟುವ ಹೊತ್ತಿಗೆ ಲಾಗಿನ್ ಹೋಗುವುದೇಕೆ?

ಪ್ರಶ್ನೆ: ಉಡುಪಿ ರಥಬೀದಿ ಬಳಿ ನಮ್ಮ ಲಾಡ್ಜ್ ಇದೆ. ಬುಕಿಂಗ್ ವೆಬ್‌ಸೈಟಿಗೆ ಎರಡು ಸರ್ವರ್, ಮುಂದೆ ಬಂದವರನ್ನು ಎರಡಕ್ಕೂ ಹಂಚುವ ತಂತ್ರಾಂಶ ಎಚ್‌ಎಪ್ರಾಕ್ಸಿ. ರೂಮ್ ಆರಿಸಿ ಹಣ ಕಟ್ಟುವಷ್ಟರಲ್ಲಿ ಲಾಗಿನ್ ಹೋಗುತ್ತಿತ್ತು. ಸರದಿಯಂತೆ ಹಂಚುವ ರೌಂಡ್ ರಾಬಿನ್ ತೆಗೆದು ‘ಬ್ಯಾಲೆನ್ಸ್ ಸೋರ್ಸ್’ ಹಾಕಿದೆವು. ಈಗ ಭಾರವೆಲ್ಲ ಒಂದೇ ಸರ್ವರಿಗೆ. ಡೇಟಾಬೇಸ್ ಸಂಪರ್ಕ ಕಡಿದ ಸರ್ವರಿಗೂ ಗ್ರಾಹಕರು ಹೋಗುತ್ತಾರೆ. ಜನವರಿ 18ರ ಪರ್ಯಾಯ ಉತ್ಸವಕ್ಕೆ ಮೊದಲು ಏನು ಸರಿಪಡಿಸಬೇಕು?

ಉತ್ತರ: ಗ್ರಾಹಕನ ಲಾಗಿನ್ ನೆನಪು (ಸೆಷನ್) ಒಂದು ಸರ್ವರಿನ ಮೆಮೊರಿಯಲ್ಲಿ, ರೌಂಡ್ ರಾಬಿನ್‌ನಲ್ಲಿ ಮುಂದಿನ ಕ್ಲಿಕ್ ಇನ್ನೊಂದಕ್ಕೆ; ಅದಕ್ಕೇ ಲಾಗಿನ್ ಹೋಗುತ್ತಿತ್ತು. ‘ಸೋರ್ಸ್’ ನೋಡುವುದು ಐಪಿ ವಿಳಾಸವನ್ನು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಕೆಲವೇ ಐಪಿಗಳ ಹಿಂದೆ ಕೂರಿಸುತ್ತವೆ, ಹಾಗಾಗಿ ಅವರೆಲ್ಲ ಒಂದೇ ಕಡೆ ಬೀಳುತ್ತಾರೆ. ಮತ್ತೆ ರೌಂಡ್ ರಾಬಿನ್‌ಗೆ ಬನ್ನಿ, ಜೊತೆಗೆ ಕುಕೀ (ಗ್ರಾಹಕ ಯಾವ ಸರ್ವರಿನವನೆಂದು ಅವನ ಬ್ರೌಸರಿನಲ್ಲಿ ಇಡುವ ಗುರುತು) ಸೇರಿಸಿ: ‘ಕುಕೀ’ ಸಾಲಿನಲ್ಲಿ ಇನ್ಸರ್ಟ್, ಇಂಡೈರೆಕ್ಟ್, ನೋಕ್ಯಾಶ್ ಮೂರೂ ಇರಲಿ; ಪ್ರತಿ ಸರ್ವರ್ ಸಾಲಿಗೆ ಬೇರೆ ಬೇರೆ ಕುಕೀ ಮೌಲ್ಯ ಕೊಡಿ. ಇದು ಎಚ್‌ಟಿಟಿಪಿ ಮೋಡ್‌ನಲ್ಲಿ ಮಾತ್ರ ನಡೆಯುತ್ತದೆ. ಟಿಎಲ್‌ಎಸ್ (ಗೂಢಲಿಪಿ) ಸರ್ಟಿಫಿಕೇಟ್ ಹಿಂದಿನ ಸರ್ವರುಗಳಲ್ಲಿದ್ದರೆ ಎಚ್‌ಎಪ್ರಾಕ್ಸಿಗೆ ಕುಕೀ ಕಾಣುವುದೇ ಇಲ್ಲ. ಮೊದಲು ಆ ಸರ್ಟಿಫಿಕೇಟನ್ನು ಎಚ್‌ಎಪ್ರಾಕ್ಸಿಗೇ ತನ್ನಿ.

ಆದರೆ ಕುಕೀ ತಾತ್ಕಾಲಿಕ ಮದ್ದು. ಸರ್ವರ್ ಬಿದ್ದರೆ ಅದರ ಮೆಮೊರಿಯಲ್ಲಿದ್ದ ಸೆಷನ್ನೂ ಹೋಯಿತು. ಪೇಮೆಂಟ್ ಗೇಟ್‌ವೇ ನೇರವಾಗಿ ಕಳಿಸುವ ‘ಹಣ ಬಂತು’ ಸಂದೇಶಕ್ಕಂತೂ ಗ್ರಾಹಕನ ಕುಕೀ ಇರುವುದೇ ಇಲ್ಲ, ಅದು ಯಾವ ಸರ್ವರಿಗೂ ಬರಬಹುದು. ಸೆಷನ್ ಎರಡೂ ಸರ್ವರ್ ಓದಬಲ್ಲ ರೆಡಿಸ್ ಎಂಬ ಸಂಗ್ರಹದಲ್ಲಿರಲಿ, ಹಣ ಬಾಕಿಯಿರುವ ಬುಕಿಂಗ್ ಡೇಟಾಬೇಸಿನಲ್ಲಿ.

ಇನ್ನು ತಪಾಸಣೆ. ಸರ್ವರ್ ಸಾಲಿನಲ್ಲಿ ಬರೀ ‘ಚೆಕ್’ ಇದ್ದರೆ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತದೆ. ಡೇಟಾಬೇಸ್ ಸತ್ತಿದ್ದರೂ ಪೋರ್ಟ್ ತೆರೆದೇ ಇರುತ್ತದೆ. ‘ಆಪ್ಷನ್ ಎಚ್‌ಟಿಟಿಪಿಚೆಕ್’ ಹಾಕಿ, ಡೇಟಾಬೇಸಿಗೆ ಒಂದು ಹಗುರ ಪ್ರಶ್ನೆ ಕೇಳಿ 200 (‘ಸರಿ ಇದೆ’) ಕೊಡುವ ಪುಟಕ್ಕೆ ತೋರಿಸಿ. 3 ಸೆಕೆಂಡಿಗೊಮ್ಮೆ ತಪಾಸಣೆ, ‘ಫಾಲ್’ 3 (ಸತತ ಮೂರು ಸಲ ಸೋತರೆ ಹೊರಗೆ), ‘ರೈಸ್’ 2 (ಸತತ ಎರಡು ಸಲ ಗೆದ್ದರೆ ಒಳಗೆ) ಸಾಕು. ಬೇಗ ಪತ್ತೆಯಾಗಲಿ ಎಂದು ‘ಫಾಲ್’ 1 ಮಾಡಬೇಡಿ: ರಶ್‌ನಲ್ಲಿ ಆ ಪುಟ ಒಮ್ಮೆ ತಡವಾದರೆ ಸರ್ವರ್ ಹೊರಗೆ, ಅದರ ಭಾರಕ್ಕೆ ಇನ್ನೊಂದೂ ಹೊರಗೆ, ಎಲ್ಲರಿಗೂ 503 (‘ಸೇವೆ ಲಭ್ಯವಿಲ್ಲ’).

ಎಚ್‌ಎಪ್ರಾಕ್ಸಿಯೂ ಒಂದೇ ಇದೆಯಲ್ಲ! ಇನ್ನೊಂದು ಯಂತ್ರ ಇಟ್ಟು ಕೀಪ್‌ಅಲೈವ್ಡ್‌ನಿಂದ ಒಂದೇ ಐಪಿ ಹಂಚಿ; ಒಂದು ಬಿದ್ದರೆ ಇನ್ನೊಂದು ಆ ಐಪಿ ಹಿಡಿಯುತ್ತದೆ. ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ ಮಾತ್ರ ನಮ್ಮ ಮಳೆಗಾಲ ಎರಡನ್ನೂ ಒಟ್ಟಿಗೆ ಮಲಗಿಸುತ್ತದೆ.

ಬದಲಾವಣೆಯ ನಂತರ ಕಾನ್ಫಿಗ್ ಫೈಲಿನ ಸಿಂಟ್ಯಾಕ್ಸ್ ತಪಾಸಣೆ ಮಾಡಿ, ರೀಸ್ಟಾರ್ಟ್ ಬೇಡ, ನಡೆಯುತ್ತಿರುವ ಸಂಪರ್ಕ ಕಡಿಯದ ರೀಲೋಡ್ ಕೊಡಿ. ರಾತ್ರಿ ಒಂದು ಬುಕಿಂಗ್ ಶುರುಮಾಡಿ, ಹಣ ಕಟ್ಟುವ ಪುಟದಲ್ಲಿರುವಾಗಲೇ ಆ ಸರ್ವರ್ ನಿಲ್ಲಿಸಿ. ರಸೀದಿ ಬಂದರೆ ಸರಿ. ಲಾಗಿನ್ ಪುಟ ಬಂದರೆ ಸೆಷನ್ ಇನ್ನೂ ಸರ್ವರಿನಲ್ಲೇ ಇದೆ.