ಮೂರು ಶಾಖೆ, ಮೂರು ಎಫ್‌ಡಿ, ಒಂದೇ ವಿಮೆ

ತಾಯಿಯವರ 15 ಲಕ್ಷ ರೂಪಾಯಿಯನ್ನು ಒಂದೇ ಸಹಕಾರ ಬ್ಯಾಂಕಿನ ಮೂರು ಶಾಖೆಗಳಲ್ಲಿ ಐದೈದು ಲಕ್ಷದಂತೆ ಎಫ್‌ಡಿ ಇಡಬೇಕೆಂದಿದ್ದೀರಿ. ಬ್ಯಾಂಕ್ ಮುಳುಗಿದರೆ 5 ಲಕ್ಷದ ವಿಮೆ ಮೂರಕ್ಕೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ದಯವಿಟ್ಟು ಇಡಬೇಡಿ. ಇದೇ ಲೆಕ್ಕವನ್ನು ನಂಬಿ ನಾನು ಅಪ್ಪನ ನಿವೃತ್ತಿಯ ಹಣವನ್ನು ಸಿಕ್ಕಿಹಾಕಿಸಿದ್ದೇನೆ.

ಗ್ರಾಚ್ಯುಟಿ, ಭವಿಷ್ಯನಿಧಿ ಎಲ್ಲ ಸೇರಿ ಬಂದ ಹಣದಲ್ಲಿ 12 ಲಕ್ಷವನ್ನು ಒಂದು ನಗರ ಸಹಕಾರ ಬ್ಯಾಂಕಿನಲ್ಲಿ ಇಡಿಸಿದವಳು ನಾನೇ. ಅಪ್ಪನಿಗೆ ಅಂಚೆ ಕಚೇರಿಯೇ ಸಾಕಾಗಿತ್ತು. ಶೇಕಡಾ 8.5 ಬಡ್ಡಿ ಬರುತ್ತದೆ, ಮೇಲಾಗಿ ಸರ್ಕಾರದ ವಿಮೆಯೂ ಇದೆ ಎಂದು ನಾನು ಒತ್ತಾಯಿಸಿದೆ. 2020ರ ಫೆಬ್ರುವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದನ್ನು ಓದಿದ್ದೆ. ಬಡ್ಡಿ ಸೇರಿದರೂ ಮಿತಿ ದಾಟಬಾರದೆಂದು ನಾಲ್ಕು ನಾಲ್ಕು ಲಕ್ಷದಂತೆ ಮೂರು ಶಾಖೆಗಳಲ್ಲಿ ಇಟ್ಟೆವು. ಒಂದಕ್ಕೆ ಅಮ್ಮ ನಾಮಿನಿ, ಇನ್ನೊಂದಕ್ಕೆ ನಾನು, ಮತ್ತೊಂದಕ್ಕೆ ತಮ್ಮ. ಶಾಖೆ ಬೇರೆ, ರಸೀದಿ ಬೇರೆ, ನಾಮಿನಿ ಬೇರೆ. ಆದ್ದರಿಂದ ವಿಮೆಯೂ ಬೇರೆ ಬೇರೆ ಎಂದುಕೊಂಡಿದ್ದೆ. ಶಾಖೆಯಲ್ಲಿ ಕೇಳಿದಾಗ ಅವರೂ ಹೌದೆಂದೇ ಹೇಳಿದ್ದರು.

ತಪ್ಪಿದ್ದದ್ದು ಇಲ್ಲಿಯೇ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಠೇವಣಿ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ. ಅದು ರಸೀದಿಗಳನ್ನು ಎಣಿಸುವುದಿಲ್ಲ, ಠೇವಣಿದಾರರನ್ನು ಎಣಿಸುತ್ತದೆ. ಒಬ್ಬ ವ್ಯಕ್ತಿ ಒಂದು ಬ್ಯಾಂಕಿನಲ್ಲಿ ಒಂದೇ ಹಕ್ಕು, ಒಂದೇ ಹೈಸಿಯತ್ತಿನಲ್ಲಿ, ಅಂದರೆ ಒಂದೇ ಬಗೆಯ ಒಡೆತನದಲ್ಲಿ, ಇಟ್ಟಿರುವ ಉಳಿತಾಯ ಖಾತೆ, ಚಾಲ್ತಿ ಖಾತೆ, ಆರ್‌ಡಿ, ಎಫ್‌ಡಿ ಎಲ್ಲವನ್ನೂ ಎಲ್ಲ ಶಾಖೆಗಳಿಂದ ಒಟ್ಟುಗೂಡಿಸಿ, ಅಸಲು ಬಡ್ಡಿ ಸೇರಿ ಗರಿಷ್ಠ 5 ಲಕ್ಷ ಕೊಡುತ್ತದೆ. ನಾಮಿನಿ ಯಾರೆಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ನಾಮಿನಿ ಎಂದರೆ ಠೇವಣಿದಾರರು ತೀರಿಕೊಂಡ ಮೇಲೆ ಹಣ ಪಡೆಯುವವರು, ಅಷ್ಟೆ, ಠೇವಣಿಯ ಪಾಲುದಾರರಲ್ಲ. ಅಪ್ಪನ ಮೂರೂ ರಸೀದಿಗಳು ಡಿಐಸಿಜಿಸಿಯ ಕಣ್ಣಿಗೆ ಒಬ್ಬ ಮನುಷ್ಯನ, ಬಡ್ಡಿ ಸೇರಿ 13 ಲಕ್ಷದ ಒಂದು ಠೇವಣಿ.

ಅದೇ ಬ್ಯಾಂಕಿನಲ್ಲಿ, ಅಷ್ಟೇ ಹಣವನ್ನು ಒಂದು ಎಫ್‌ಡಿ ಅಪ್ಪನ ಹೆಸರಲ್ಲಿ, ಒಂದು ಅಮ್ಮನ ಹೆಸರಲ್ಲಿ, ಒಂದು ಇಬ್ಬರ ಜಂಟಿ ಹೆಸರಲ್ಲಿ ಇಟ್ಟಿದ್ದರೆ ಮೂರಕ್ಕೂ ಪ್ರತ್ಯೇಕ ವಿಮೆ ಸಿಗುತ್ತಿತ್ತು, ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಜಂಟಿ ಖಾತೆ ಬೇರೆ ಹೈಸಿಯತ್ತು ಎಂದು ಎಣಿಕೆಯಾಗುತ್ತದೆ. ಅರ್ಜಿಯಲ್ಲಿ ಅಮ್ಮನ ಹೆಸರನ್ನು ನಾಮಿನಿಯ ಸಾಲಿನಲ್ಲಿ ಬರೆಯುವ ಬದಲು ಠೇವಣಿದಾರರ ಸಾಲಿನಲ್ಲಿ ಬರೆಯಬೇಕಿತ್ತು. ಇಷ್ಟೇ ವ್ಯತ್ಯಾಸ, 8 ಲಕ್ಷ ರೂಪಾಯಿಯದ್ದು.

ಇನ್ನು ಬ್ಯಾಂಕ್ ಮುಳುಗುವ ರೀತಿ. ನೀವು ಅಂದುಕೊಂಡಂತೆ ಅದು ಒಂದು ದಿನದಲ್ಲಿ ಮುಳುಗುವುದಿಲ್ಲ, ಮೊದಲು ಬೀಗ ಬೀಳುತ್ತದೆ. ರಿಸರ್ವ್ ಬ್ಯಾಂಕ್ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಂ ಅಡಿ ನಿರ್ಬಂಧ ಹೇರುತ್ತದೆ. ಹೊಸ ಸಾಲ ಇಲ್ಲ, ಹೊಸ ಠೇವಣಿ ಇಲ್ಲ, ಖಾತೆಯಿಂದ ತೆಗೆಯಲು ಒಂದು ಸಣ್ಣ ಮಿತಿ. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಎಂಬ ಸಹಕಾರ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ ಆ ಮಿತಿ ಮೊದಲಿಗೆ 1,000 ರೂಪಾಯಿ ಇತ್ತು. ಎಫ್‌ಡಿ ಅವಧಿ ಮುಗಿದಿದ್ದರೂ ಕೈಗೆ ಬರುವುದಿಲ್ಲ. ರಸೀದಿಯ ಮೇಲಿನ ದಿನಾಂಕಕ್ಕೆ ಆಗ ಬೆಲೆ ಇಲ್ಲ. ನಮ್ಮದೂ ಹಾಗೆಯೇ ಆಯಿತು. ಅಪ್ಪನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ, ಸ್ವಂತ ಹಣ ಬ್ಯಾಂಕಿನಲ್ಲಿದ್ದೂ, ಚಿನ್ನ ಅಡವಿಟ್ಟು ಸಾಲ ತಂದೆವು.

ನಮ್ಮ ಪುಣ್ಯಕ್ಕೆ ಅಷ್ಟರಲ್ಲಿ ಕಾನೂನು ಬದಲಾಗಿತ್ತು. ಮೊದಲು ಪರವಾನಗಿ ರದ್ದಾಗಿ ಸಮಾಪನೆ, ಅಂದರೆ ಬ್ಯಾಂಕನ್ನು ಮುಚ್ಚಿ ಲೆಕ್ಕ ತೀರಿಸುವ ಕೆಲಸ, ಶುರುವಾಗುವವರೆಗೆ ವಿಮೆಯ ಹಣಕ್ಕೂ ವರ್ಷಗಟ್ಟಲೆ ಕಾಯಬೇಕಿತ್ತು. 2021ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಇಂತಹ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಮೊತ್ತ ಕೊಡಬೇಕು: ಬ್ಯಾಂಕ್ ಪಟ್ಟಿ ಕೊಡಲು 45 ದಿನ, ನಿಗಮ ಪರಿಶೀಲಿಸಲು 30, ಪಾವತಿಗೆ 15. ಆದರೆ ತಾನಾಗಿ ಬರುವುದಿಲ್ಲ. ಠೇವಣಿದಾರರು ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆಯ ವಿವರ ಕೊಡಬೇಕು. ವಯಸ್ಸಾದ ಎಷ್ಟೋ ಮಂದಿಗೆ ಬೇರೆ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲ. ಅವರ ಪರದಾಟ ನೋಡಿ ಸಂಕಟವಾಗುತ್ತಿತ್ತು.

5 ಲಕ್ಷ ಬಂತು. ಮುಂದೆ ಬ್ಯಾಂಕಿನ ಪರವಾನಗಿ ರದ್ದಾಯಿತು, ಸಮಾಪನಾಧಿಕಾರಿ ಬಂದರು. ಉಳಿದ 8 ಲಕ್ಷಕ್ಕೆ ನಾವು ಹಕ್ಕುದಾರರು, ಕಾಗದದ ಮೇಲೆ. ಬ್ಯಾಂಕ್ ಕೊಟ್ಟ ಸಾಲಗಳು ವಸೂಲಾಗಬೇಕು, ಆಸ್ತಿ ಮಾರಾಟವಾಗಬೇಕು, ಬಂದದ್ದರಲ್ಲಿ ಡಿಐಸಿಜಿಸಿ ತಾನು ಕೊಟ್ಟ ವಿಮೆಯ ಹಣವನ್ನು ಹಿಂದಕ್ಕೆ ಪಡೆಯಬೇಕು. ಇನ್ನೂ ಕಾಯುತ್ತಿದ್ದೇವೆ.

ಹಾಗೆಂದು ಎಲ್ಲ ಬ್ಯಾಂಕುಗಳ ಕಥೆಯೂ ಹೀಗಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿಗೆ 50,000 ರೂಪಾಯಿಯ ಮಿತಿ ಬಿದ್ದು, ಎರಡು ವಾರದೊಳಗೆ ತೆರವಾಯಿತು. ಎಫ್‌ಡಿ ಇಟ್ಟವರು ಏನೂ ಕಳೆದುಕೊಳ್ಳಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕ್ ಡಿಬಿಎಸ್ ಜೊತೆ ವಿಲೀನವಾಯಿತು, ಠೇವಣಿಗಳು ಉಳಿದವು. ದೊಡ್ಡ ವಾಣಿಜ್ಯ ಬ್ಯಾಂಕನ್ನು ಸರ್ಕಾರ, ರಿಸರ್ವ್ ಬ್ಯಾಂಕ್ ಎರಡೂ ಸೇರಿ ಎತ್ತಿ ನಿಲ್ಲಿಸುತ್ತವೆ. ಸಣ್ಣ ಸಹಕಾರ ಬ್ಯಾಂಕಿಗೆ ಆ ಭಾಗ್ಯ ಅಪರೂಪ. ಪಿಎಂಸಿಯನ್ನು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕ್ ವಹಿಸಿಕೊಂಡಾಗಲೂ ದೊಡ್ಡ ಠೇವಣಿದಾರರ ಹಣವನ್ನು 10 ವರ್ಷಗಳವರೆಗೆ ಕಂತುಗಳಲ್ಲಿ ಕೊಡುವ ಯೋಜನೆಯಾಯಿತು. ನಿಮ್ಮ ತಾಯಿಯವರ ವಯಸ್ಸಿಗೆ 10 ವರ್ಷ ಎಂದರೆ ಏನೆಂದು ಯೋಚಿಸಿ.

ಆದ್ದರಿಂದ ಹೀಗೆ ತುಂಡು ಮಾಡಿ ಅಲ್ಲಿಡುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. 15 ಲಕ್ಷಕ್ಕೆ ಶೇಕಡಾ ಒಂದು ಹೆಚ್ಚು ಬಡ್ಡಿ ಎಂದರೆ ವರ್ಷಕ್ಕೆ 15,000 ರೂಪಾಯಿ. ಅಷ್ಟಕ್ಕಾಗಿ ಔಷಧಿ, ಆಸ್ಪತ್ರೆಯ ಹಣವನ್ನು ಬೀಗ ಬೀಳಬಹುದಾದ ಜಾಗದಲ್ಲಿ ಇಡುವುದು ಬೇಡ. ತಾಯಿಯವರಿಗೆ 60 ದಾಟಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಅದರ ಹಿಂದೆ ಕೇಂದ್ರ ಸರ್ಕಾರವಿದೆ. ನಾನಾಗಿದ್ದರೆ ಹೆಚ್ಚಿನ ಪಾಲು ಅಲ್ಲಿ, ತುರ್ತಿಗೆ ಬೇಕಾದದ್ದು ಒಂದು ದೊಡ್ಡ ಬ್ಯಾಂಕಿನಲ್ಲಿ.

ನೀವು ಹೆಸರಿಸಿದ ಸಂಸ್ಥೆ ನಿಜಕ್ಕೂ ಬ್ಯಾಂಕ್ ಹೌದೇ ಎಂಬುದನ್ನೂ ಮೊದಲು ನೋಡಿಕೊಳ್ಳಿ. ನಮ್ಮ ರಾಜ್ಯದಲ್ಲಿ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಪತ್ತಿನ ಸಹಕಾರಿಗಳು ಬೀದಿಗೊಂದಿವೆ. ಜನ ಅವುಗಳನ್ನೂ ಬ್ಯಾಂಕ್ ಎಂದೇ ಕರೆಯುತ್ತಾರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದಿದ್ದರೆ 5 ಲಕ್ಷವಲ್ಲ, ಐದು ರೂಪಾಯಿಯ ವಿಮೆಯೂ ಇಲ್ಲ. ಡಿಐಸಿಜಿಸಿ ಜಾಲತಾಣದಲ್ಲಿ ವಿಮೆಯುಳ್ಳ ಬ್ಯಾಂಕುಗಳ ಪಟ್ಟಿ ಇದೆ, ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ.

ಅದೇ ಬ್ಯಾಂಕಿನಲ್ಲಿ ತಾಯಿಯವರ ಹೆಸರಿನಲ್ಲಿ ಸಾಲವಿದ್ದರೆ ಅದನ್ನು ಠೇವಣಿಯಿಂದ ಕಳೆದು ಉಳಿದದ್ದಕ್ಕೆ ಮಾತ್ರ ವಿಮೆ. ಒಂದು ಎಫ್‌ಡಿ ಈಗಾಗಲೇ ಇಟ್ಟಾಗಿದೆ ಎಂದೂ ಬರೆದಿದ್ದೀರಿ. ಅದಿರಲಿ, ಬೇಕಾದರೆ ಅವಧಿ ಮುಗಿಯುವವರೆಗೆ ಬಿಡಿ. ಆದರೆ ಬಡ್ಡಿ ಸೇರಿ 5 ಲಕ್ಷ ದಾಟುವಂತಿದ್ದರೆ, ಅವಧಿಗೆ ಮುನ್ನ ಮುರಿದರೆ ದಂಡವೆಷ್ಟು ಎಂದು ನಾಳೆಯೇ ವಿಚಾರಿಸಿ. ಮಿಕ್ಕ ಎರಡನ್ನು ಅಲ್ಲಿ ಇಡಲೇಬೇಡಿ.